ಗುಡ್ಡದ ಗೋಧಿಗೆ ಮಟ್ಟ ಹಿಡಿಯುವ ಕಂಬೈನ್: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಬೆಳೆ ಕೊಯ್ದು, ಒಕ್ಕಿ, ಕಾಳು ಬೇರ್ಪಡಿಸುವ ಯಂತ್ರವೇ ಕಂಬೈನ್. ಹೊಲದ ಬಹುಪಾಲು ಅಡ್ಡ ಇಳಿಜಾರು, ಅಂದರೆ ಯಂತ್ರ ಸಾಗುವ ದಿಕ್ಕಿಗೆ ಅಡ್ಡಲಾದ ಓರೆ, ಶೇಕಡಾ 15ರ ಒಳಗಿದ್ದರೆ ಒಳಗಿನ ಜರಡಿಯನ್ನಷ್ಟೇ ಮಟ್ಟದಲ್ಲಿಡುವ ಕಂಬೈನ್ ಸಾಕು, ಅದಕ್ಕಿಂತ ಹೆಚ್ಚು ಸುರಿದ ದುಡ್ಡು ದಂಡ. 15ರಿಂದ 20ರ ನಡುವೆ ಬೆಳೆ ಯಾವುದು, ಯಂತ್ರದ ಒಳಗೆ ತಿರುಗುವ ರಭಸದಿಂದ ಕಾಳು ಬೇರ್ಪಡಿಸುವ ರೋಟರ್ ಇದೆಯೋ ಹುಲ್ಲನ್ನು ಕೊಡವಿ ಬೇರ್ಪಡಿಸುವ ಸ್ಟ್ರಾ ವಾಕರ್ ಇದೆಯೋ ಎಂಬುದನ್ನು ನೋಡಿ ತೀರ್ಮಾನಿಸಬೇಕು. ಶೇಕಡಾ 20 ದಾಟಿತೆಂದರೆ ಇಡೀ ಮೈಯನ್ನೇ ಮಟ್ಟಕ್ಕೆ ತರುವ ಯಂತ್ರವೇ ಬೇಕು. ಅಲ್ಲಿ ಅಗ್ಗದ ದಾರಿ ಹುಡುಕಿದವರು ಉಳಿಸಿದ ಹಣವನ್ನು ಕಾಳಿನ ರೂಪದಲ್ಲಿ ಹೊಲದಲ್ಲೇ ಚೆಲ್ಲಿ ಬರುತ್ತಾರೆ.

ಶೇಕಡಾ ಲೆಕ್ಕವನ್ನು ಡಿಗ್ರಿಯ ಜೊತೆ ಬೆರೆಸಬೇಡಿ. ಶೇಕಡಾ 18 ಎಂದರೆ ಸಮತಲದ ಅಳತೆಯಲ್ಲಿ 100 ಮೀಟರ್ ಸಾಗುವಷ್ಟರಲ್ಲಿ 18 ಮೀಟರ್ ಏರಿಕೆ, ಡಿಗ್ರಿಯಲ್ಲಿ ಅದು ಬರೀ 10. ಶೇಕಡಾ 38 ಎಂದರೆ 21 ಡಿಗ್ರಿಗೆ ಹತ್ತಿರ. ಮಾರಾಟದ ಮಾತಿನಲ್ಲಿ ಇವೆರಡೂ ಕಲಸಿ ಹೋಗುತ್ತವೆ, ಹಾಗಾಗಿ ಸ್ವಂತ ಹೊಲವನ್ನು ಸ್ವಂತ ಕೈಯಲ್ಲಿ ಅಳೆಯುವುದು ಒಳ್ಳೆಯದು. ಎರಡು ಮೀಟರ್ ಉದ್ದದ ನೇರ ಹಲಗೆಯ ಒಂದು ತುದಿಯನ್ನು ಇಳಿಜಾರಿನ ಮೇಲ್ಬದಿಗೆ ನೆಲಕ್ಕೆ ಊರಿ, ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಡುವೆ ನಿಲ್ಲುವವರೆಗೆ ಇನ್ನೊಂದು ತುದಿಯನ್ನು ಎತ್ತಿ ಹಿಡಿಯಿರಿ. ಆ ತುದಿಯಿಂದ ನೆಲಕ್ಕೆ 36 ಸೆಂಟಿಮೀಟರ್ ಇದ್ದರೆ ಇಳಿಜಾರು ಶೇಕಡಾ 18. ಹೊಲದ ಅತಿ ಕಡಿದಾದ ಜಾಗದಲ್ಲಿ ಮಾತ್ರ ಅಳೆದು ಗಾಬರಿಯಾಗುವುದೂ ಬೇಡ, ಸಪಾಟಾದ ಕಡೆ ಮಾತ್ರ ಅಳೆದು ಸಮಾಧಾನಪಡುವುದೂ ಬೇಡ. ಎಷ್ಟು ಎಕರೆ ಯಾವ ಇಳಿಜಾರಿನಲ್ಲಿದೆ ಎಂಬ ಅಂದಾಜು ಕೈಯಲ್ಲಿರಬೇಕು.

ಈ ಯಂತ್ರಗಳ ತವರು ಅಮೆರಿಕದ ಪಲೂಸ್ ಸೀಮೆ. ವಾಷಿಂಗ್ಟನ್ ರಾಜ್ಯದ ಪೂರ್ವಭಾಗ, ಅದಕ್ಕೆ ಅಂಟಿಕೊಂಡ ಐಡಹೊ ರಾಜ್ಯದ ಉತ್ತರಭಾಗ. ಗಾಳಿ ಹೊತ್ತು ತಂದ ನಯವಾದ ಮಣ್ಣು ಅಲೆಅಲೆಯಾಗಿ ಗುಡ್ಡಗಟ್ಟಿ ನಿಂತಿದೆ. ಕೆಲವು ಗುಡ್ಡಗಳ ಮೈ ಶೇಕಡಾ 40ರಿಂದ 50ರವರೆಗೂ ಕಡಿದಾಗಿದ್ದು, ಅದರ ಮೇಲೂ ಗೋಧಿ, ಬಾರ್ಲಿ, ಬಟಾಣಿ, ಮಸೂರ, ಕಾಬೂಲಿ ಕಡಲೆ ಬೆಳೆಯುತ್ತಾರೆ. ನಮ್ಮ ಮಲೆನಾಡಿನ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ ಮಾಡಿಲ್ಲ. ಗುಡ್ಡ ಹೇಗಿದೆಯೋ ಹಾಗೇ ಉಳುಮೆ, ಹಾಗೇ ಬಿತ್ತನೆ. ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಕಟಾವು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯ ಇರುವ ಪುಲ್‌ಮನ್ ಊರು ಈ ಸೀಮೆಯ ನಡುವೆಯೇ ಇದೆ. ಅಲ್ಲಿಗೆ ಓದಲು ಹೋದವರಿಗೆ ಗುಡ್ಡದ ಪಕ್ಕೆಗೆ ಅಂಟಿಕೊಂಡು ಸಾಗುವ ಈ ಕಂಬೈನ್‌ಗಳು ರಸ್ತೆಯಿಂದಲೇ ಕಾಣುತ್ತವೆ: ಚಕ್ರಗಳೆರಡೂ ಇಳಿಜಾರಿನಲ್ಲಿ, ಬೆಳೆ ಕತ್ತರಿಸುವ ಮುಂದಿನ ಹೆಡರ್ ಇಳಿಜಾರಿಗೆ ಸಮಾನಾಂತರವಾಗಿ, ನಡುವಿನ ಮೈ ಮಾತ್ರ ನೆಟ್ಟಗೆ.

ಇದನ್ನು ನೋಡಿದವರೆಲ್ಲ ಯಂತ್ರ ಉರುಳದಿರಲೆಂದು ಹೀಗೆ ಮಾಡಿದ್ದಾರೆ ಎಂದುಕೊಳ್ಳುತ್ತಾರೆ. ಅದು ಎರಡನೆಯ ಲಾಭ. ಮೊದಲ ಲಾಭ ಕಾಳು ಉಳಿಯುವುದು. ಕಂಬೈನ್‌ನ ಒಳಗೆ ಒಕ್ಕಿದ ಕಾಳು, ಸುಂಕು, ಹೊಟ್ಟು ಎಲ್ಲವೂ ಅಗಲವಾದ ಜರಡಿಯ ಮೇಲೆ ತೆಳುವಾದ ಪದರವಾಗಿ ಹರಡಬೇಕು, ಕೆಳಗಿನಿಂದ ಫ್ಯಾನಿನ ಗಾಳಿ ಸಮನಾಗಿ ಹಾಯಬೇಕು. ಮೊರವನ್ನು ಓರೆಯಾಗಿ ಹಿಡಿದು ಕೇರಿದರೆ ಕಾಳೆಲ್ಲ ಒಂದು ಮೂಲೆಗೆ ಸೇರುವುದಿಲ್ಲವೇ, ಯಂತ್ರ ಓರೆಯಾದಾಗ ಜರಡಿಯಲ್ಲೂ ಅದೇ ಆಗುತ್ತದೆ. ಕೆಳಬದಿಯಲ್ಲಿ ದಪ್ಪ ರಾಶಿ, ಮೇಲ್ಬದಿಯಲ್ಲಿ ಬರಿದು. ಗಾಳಿ ಯಾವಾಗಲೂ ತಡೆ ಕಡಿಮೆ ಇರುವ ಕಡೆ ನುಗ್ಗುತ್ತದೆ, ಹಾಗಾಗಿ ಬರಿದಾದ ಮೇಲ್ಬದಿಯಲ್ಲಿ ಜೋರಾಗಿ ಹೊರಬಿದ್ದು ಅಲ್ಲಿರುವ ನಾಲ್ಕು ಕಾಳನ್ನೂ ಹಿಂದಕ್ಕೆ ಹಾರಿಸುತ್ತದೆ. ಕೆಳಬದಿಯ ದಪ್ಪ ರಾಶಿಗೆ ಗಾಳಿಯೇ ತಾಗುವುದಿಲ್ಲ, ಕಾಳು ಹೊಟ್ಟಿನ ಮೇಲೇ ತೇಲಿಕೊಂಡು ಹೊರಗೆ ಹೋಗುತ್ತದೆ. ಎರಡೂ ಕಡೆ ನಷ್ಟ, ಎರಡಕ್ಕೂ ಕಾರಣ ಬೇರೆ. ಅದಕ್ಕೇ ಫ್ಯಾನಿನ ವೇಗ ಬದಲಾಯಿಸಿ ಇದನ್ನು ಸರಿಪಡಿಸಲಾಗದು. ಹೆಚ್ಚಿಸಿದರೆ ಮೇಲ್ಬದಿ ಕೆಡುತ್ತದೆ, ತಗ್ಗಿಸಿದರೆ ಕೆಳಬದಿ ಕೆಡುತ್ತದೆ.

ಏರು-ಇಳಿಯ ಕಥೆ ಬೇರೆ. ಯಂತ್ರ ಏರು ಹತ್ತುವಾಗ ಹಿಂಭಾಗ ತಗ್ಗಿ, ಜರಡಿಯ ಮೇಲಿನ ಮಾಲು ಬೇಗ ಹಿಂದಕ್ಕೆ ಜಾರುತ್ತದೆ. ಕಾಳು ಕೆಳಗೆ ಬೀಳಲು ಸಮಯವೇ ಸಿಗುವುದಿಲ್ಲ. ಆಗ ಫ್ಯಾನ್ ತಗ್ಗಿಸಬೇಕು. ಇಳಿಯುವಾಗ ಮಾಲು ಮುಂದೆಯೇ ಗುಡ್ಡೆ ಬೀಳುತ್ತದೆ, ಫ್ಯಾನ್ ಹೆಚ್ಚಿಸಬೇಕು. ಇದನ್ನು ಫ್ಯಾನಿನಿಂದಲೇ ಸಾಕಷ್ಟು ಸರಿದೂಗಿಸಬಹುದಾದ್ದರಿಂದ ನ್ಯೂ ಹಾಲೆಂಡ್ ಕಂಪನಿಯ ಆಪ್ಟಿ ಫ್ಯಾನ್, ಜಾನ್ ಡಿಯರ್ ಕಂಪನಿಯ ಆಕ್ಟಿವ್ ಟೆರೇನ್ ಅಡ್ಜಸ್ಟ್‌ಮೆಂಟ್ ಇಂಥ ವ್ಯವಸ್ಥೆಗಳು ಇಳಿಜಾರು ನೋಡಿಕೊಂಡು ತಾವಾಗಿ ಹೊಂದಿಸುತ್ತವೆ. ಜಾನ್ ಡಿಯರ್‌ನದು ಫ್ಯಾನಿನ ಜೊತೆ ಜರಡಿಯ ಕಂಡಿಯನ್ನೂ ಬದಲಾಯಿಸುತ್ತದೆ. ಅಡ್ಡ ಇಳಿಜಾರಿಗೆ ಮಾತ್ರ ಯಾವುದನ್ನಾದರೂ ನಿಜವಾಗಿ ಮಟ್ಟ ಮಾಡಲೇಬೇಕು.

ಹಿಂದೆ ಈ ಕೆಲಸಕ್ಕೆಂದೇ ಕಂಬೈನ್ ಮೇಲೆ ಒಬ್ಬ ಆಳು ಇರುತ್ತಿದ್ದ. ಇಪ್ಪತ್ತು ಮೂವತ್ತು ಕುದುರೆ, ಹೇಸರಗತ್ತೆ ಎಳೆಯುವ ಯಂತ್ರದ ಮೇಲೆ ನಿಂತು, ನೆಲ ನೋಡುತ್ತಾ ಮೈಯನ್ನು ನೆಟ್ಟಗಿಡುವುದೇ ಅವನ ದಿನವಿಡೀ ಕೆಲಸ. ಮಟ್ಟ ಮಾಡುವ ಮೊದಲ ಕಂಬೈನನ್ನು ಕ್ಯಾಲಿಫೋರ್ನಿಯಾದ ಹೋಲ್ಟ್ ಕಂಪನಿ 1891ರಲ್ಲಿ ತಂದಿತು. ಆ ಆಳನ್ನು ಬಿಡಿಸಿದ್ದು ಪಲೂಸ್ ಸೀಮೆಯ ರೇಮಂಡ್ ಹ್ಯಾನ್ಸನ್. ಪಾದರಸದ ಸ್ವಿಚ್ಚಿನಿಂದ ಓರೆಯನ್ನು ಗುರುತಿಸಿ ತಾನಾಗಿ ಮಟ್ಟಕ್ಕೆ ಬರುವ ವ್ಯವಸ್ಥೆಗೆ ಅವರು 1946ರಲ್ಲಿ ಪೇಟೆಂಟ್ ಪಡೆದರು. ಈಗ ಪಾದರಸದ ಜಾಗದಲ್ಲಿ ಎಲೆಕ್ಟ್ರಾನಿಕ್ ಸೆನ್ಸರ್ ಬಂದಿದೆ, ತತ್ವ ಅದೇ. ಸೆನ್ಸರ್ ಓರೆ ಅಳೆಯುತ್ತದೆ, ವಾಲ್ವ್ ತೆರೆಯುತ್ತದೆ, ಒಂದು ಬದಿಯ ಹೈಡ್ರಾಲಿಕ್ ಸಿಲಿಂಡರ್ ಚಾಚಿಕೊಳ್ಳುತ್ತದೆ, ಇನ್ನೊಂದು ಬದಿಯದು ಒಳಸರಿಯುತ್ತದೆ. ಕೆಳಬದಿಯ ಚಕ್ರ ಮೈಯಿಂದ ಕೆಳಗಿಳಿಯುತ್ತದೆ, ಮೇಲ್ಬದಿಯ ಚಕ್ರ ಮೇಲೇರುತ್ತದೆ.

ಇನ್ನು ಒಂದೊಂದೇ ಯಂತ್ರಕ್ಕೆ ಬರೋಣ.

ಪಲೂಸಿನಲ್ಲಿ ಹೆಚ್ಚು ಬೆಲೆ ಕೊಡಬಹುದಾದದ್ದು ಜಾನ್ ಡಿಯರ್ ರೋಟರ್ ಕಂಬೈನಿಗೆ ಹಿಲ್ಕೋ ಜೋಡಣೆ. ಐಡಹೊದ ನೆಜ್‌ಪರ್ಸ್ ಊರಿನ ಈ ಕಂಪನಿ ಕಂಬೈನ್ ತಯಾರಿಸುವುದಿಲ್ಲ, ಅದರ ಮುಂದಿನ ಆಕ್ಸಲ್, ಫೈನಲ್ ಡ್ರೈವ್ (ಚಕ್ರ ತಿರುಗಿಸುವ ಕೊನೆಯ ಗೇರ್ ಪೆಟ್ಟಿಗೆ), ಫೀಡರ್ ಹೌಸ್ (ಹೆಡರಿನಿಂದ ಬೆಳೆಯನ್ನು ಒಳಗೆ ಒಯ್ಯುವ ಭಾಗ) ಇವುಗಳನ್ನು ಗುಡ್ಡಕ್ಕೆ ತಕ್ಕಂತೆ ಬದಲಾಯಿಸುವ ವ್ಯವಸ್ಥೆ ಕೊಡುತ್ತದೆ. ಇದರ ದೊಡ್ಡ ಗುಣ ಒಂದೇ: ಸಪಾಟು ಹೊಲದ ಪೂರ್ತಿ ಗಾತ್ರದ ಯಂತ್ರ, ಅದರ ಪೂರ್ತಿ ಸಾಮರ್ಥ್ಯ, ಗುಡ್ಡದ ಮೇಲೂ ಸಿಗುತ್ತದೆ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1470, ಜಾನ್ ಡಿಯರ್ 6622ರಂಥ ಹಳೆಯ ಗುಡ್ಡದ ಯಂತ್ರಗಳು ಇಳಿಜಾರನ್ನು ಚೆನ್ನಾಗಿಯೇ ನಿಭಾಯಿಸುತ್ತಿದ್ದವು, ಆದರೆ ಇಂದಿನ ಲೆಕ್ಕಕ್ಕೆ ಚಿಕ್ಕವು. ಗುಡ್ಡವನ್ನು ಸುತ್ತು ಹಾಕುತ್ತಾ ಒಂದೇ ಎತ್ತರದಲ್ಲಿ ಕಟಾವು ಮಾಡುವ ಪಲೂಸ್ ಪದ್ಧತಿಗೆ ಅಡ್ಡ ಮಟ್ಟವೇ ಮುಖ್ಯ, ಅದಕ್ಕೆ ಇದು ಹೇಳಿ ಮಾಡಿಸಿದಂತಿದೆ. ಕೊರತೆಗಳೂ ಇವೆ. ತೂಕ ಹೆಚ್ಚುತ್ತದೆ, ಗ್ರೀಸ್ ಹೊಡೆಯಬೇಕಾದ ಜಾಗಗಳು ಹೆಚ್ಚುತ್ತವೆ. ಕಂಬೈನ್ ಮಾರುವಾಗ ಕೊಳ್ಳುವವರು ಗುಡ್ಡದ ಸೀಮೆಯವರೇ ಆಗಿರಬೇಕು, ಬಯಲಿನವರು ಈ ಜೋಡಣೆಗೆ ಬೆಲೆ ಕಟ್ಟುವುದಿಲ್ಲ. ಬಿಡಿಭಾಗ ಕೇಳುವಾಗ ಡೀಲರ್ ಜಾನ್ ಡಿಯರ್ ಪಟ್ಟಿಯಲ್ಲಿ ಹುಡುಕಿ ಸಿಗಲಿಲ್ಲ ಎನ್ನಬಹುದು. ಜೋಡಣೆಯ ಸೀರಿಯಲ್ ನಂಬರನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ.

ಇಟಲಿಯ ಅಪೆನೈನ್ ಗುಡ್ಡಗಳಲ್ಲಿ ಡ್ಯೂರಮ್ ಗೋಧಿಯ ಹೊಲಗಳು ಪಲೂಸಿಗಿಂತ ಚಿಕ್ಕವು, ಅಂಕುಡೊಂಕು. ಒಂದೇ ಎತ್ತರದಲ್ಲಿ ಸುತ್ತು ಹಾಕುವಷ್ಟು ಜಾಗ ಎಲ್ಲೆಡೆ ಇಲ್ಲ, ನೇರ ಏರಿ ನೇರ ಇಳಿಯಬೇಕಾಗುತ್ತದೆ. ಅಲ್ಲಿಗೆ ನ್ಯೂ ಹಾಲೆಂಡ್ ಸಿಎಕ್ಸ್ ಸರಣಿಯ ಹಿಲ್‌ಸೈಡ್ ಮಾದರಿಯೇ ನನ್ನ ಮೊದಲ ಆಯ್ಕೆ. ಅಡ್ಡಕ್ಕೆ ಶೇಕಡಾ 38, ಏರಿಗೆ 30, ಇಳಿತಕ್ಕೆ 10ರವರೆಗೆ ಮೈ ಮಟ್ಟ ಹಿಡಿಯುತ್ತದೆ. ಮುಂದಿನ ಚಕ್ರಗಳ ಜೊತೆ ಹಿಂದಿನ ಆಕ್ಸಲ್ ಕೂಡ ಏರಿಳಿಯುವುದರಿಂದ ಇದು ಸಾಧ್ಯ. ಈ ಯಂತ್ರದಲ್ಲಿ ಹುಲ್ಲನ್ನು ಕೊಡವಿ ಕಾಳು ಬೇರ್ಪಡಿಸುವುದು ಸ್ಟ್ರಾ ವಾಕರ್. ಕೆಲಸವೆಲ್ಲ ಭೂಮಿಯ ಸೆಳೆತದಿಂದಲೇ ನಡೆಯುವ ಕಾರಣ ಓರೆಯಾದರೆ ಹುಲ್ಲೆಲ್ಲ ಕೆಳಬದಿಯ ವಾಕರ್ ಮೇಲೆ ಬೀಳುತ್ತದೆ, ಜರಡಿ ಒಂದನ್ನೇ ಸರಿಮಾಡಿ ಪ್ರಯೋಜನವಿಲ್ಲ. ಇಡೀ ಮೈ ಮಟ್ಟ ಹಿಡಿಯುವುದು ಇಲ್ಲಿ ಅಲಂಕಾರವಲ್ಲ, ಅಗತ್ಯ. ಹುಲ್ಲು ಮುರಿಯದೆ ಉದ್ದಕ್ಕೆ ಸಿಗುವುದು ಪಶುಪಾಲಕರಿಗೆ ಇನ್ನೊಂದು ಲಾಭ. ಇದೇ ಸರಣಿಯ ಲ್ಯಾಟೆರಾಲೆ ಮಾದರಿ ಅಡ್ಡಕ್ಕೆ ಶೇಕಡಾ 18ರವರೆಗೆ ಮಾತ್ರ. ಹೆಸರು ಹತ್ತಿರವಿದ್ದರೂ ಇವೆರಡು ಬೇರೆ ಬೇರೆ ಯಂತ್ರಗಳು, ಆರ್ಡರ್ ಹಾಕುವಾಗ ಕಾಗದದಲ್ಲಿ ಯಾವ ಹೆಸರಿದೆ ಎಂದು ಓದಿ ನೋಡಿ. ಇಟಲಿಯದೇ ಹಳೆಯ ಹೆಸರು ಲಾವೆರ್ಡಾ. 1873ರಲ್ಲಿ ಶುರುವಾದ ಈ ಕಂಪನಿ ಈಗ ಅಮೆರಿಕದ ಕೃಷಿಯಂತ್ರ ಕಂಪನಿ ಆಗ್ಕೋ ಕೈಯಲ್ಲಿದೆ. ಅದರ ನಾಲ್ಕೂ ಕಡೆ ಮಟ್ಟ ಹಿಡಿಯುವ ಯಂತ್ರಗಳು ಬಳಸಿದ ಮಾಲಾಗಿ ಸಾಕಷ್ಟು ಸಿಗುತ್ತವೆ.

ಜರ್ಮನಿಯ ಕ್ಲಾಸ್ ಕಂಪನಿಯ ಮೊಂಟಾನಾ ಅಡ್ಡಕ್ಕೆ ಶೇಕಡಾ 18, ಏರು-ಇಳಿಗೆ ಶೇಕಡಾ 6ರವರೆಗೆ. ಇದು ಗುಡ್ಡದ ಯಂತ್ರವಲ್ಲ, ಏರಿಳಿತದ ಬಯಲಿನ ಯಂತ್ರ. ಆ ಮಿತಿಯೊಳಗೆ ಬಲು ಚೆನ್ನಾಗಿದೆ. ಹೊಲದ ಒಂದು ಕಾಲುಭಾಗ ಶೇಕಡಾ 12ರಿಂದ 18ರ ನಡುವೆ ಇದ್ದು, ಉಳಿದದ್ದು ಸಪಾಟಾಗಿದ್ದು, ದೊಡ್ಡ ಹೆಡರ್ ಬೇಕು ಎನ್ನುವವರಿಗೆ ಇದೇ ಸರಿ. ಶೇಕಡಾ 30ರ ಪಕ್ಕೆಗೆ ಇದನ್ನು ಕೊಂಡೊಯ್ದರೆ 18ನ್ನು ಯಂತ್ರ ಸರಿಪಡಿಸಿ ಉಳಿದ 12ನ್ನು ಹಾಗೇ ಬಿಡುತ್ತದೆ, ಜರಡಿ ಅಷ್ಟು ಓರೆಯಲ್ಲೇ ಕೆಲಸ ಮಾಡುತ್ತದೆ.

ಜರಡಿ ಮಾತ್ರ ಮಟ್ಟ ಹಿಡಿಯುವ ವ್ಯವಸ್ಥೆಗಳಲ್ಲಿ ನ್ಯೂ ಹಾಲೆಂಡ್ ಸಿಆರ್ ರೋಟರ್ ಕಂಬೈನಿನದು ಶೇಕಡಾ 17ರವರೆಗೆ, ಕ್ಲಾಸ್‌ನ ತ್ರೀಡಿ ಜರಡಿ ಶೇಕಡಾ 20ರವರೆಗೆ, ನ್ಯೂ ಹಾಲೆಂಡ್‌ನ ಸ್ಮಾರ್ಟ್ ಸೀವ್ ಶೇಕಡಾ 25ರವರೆಗೆ ಎಂದು ಕಂಪನಿಗಳು ಹೇಳುತ್ತವೆ. ಕ್ಲಾಸ್ ಮತ್ತು ಸ್ಮಾರ್ಟ್ ಸೀವ್ ಜರಡಿಯನ್ನು ಓರೆಯಾಗಿಸುವುದಿಲ್ಲ, ಅದರ ಅಲುಗಾಟದ ದಿಕ್ಕನ್ನೇ ಮೇಲ್ಬದಿಗೆ ತಿರುಗಿಸಿ ಕಾಳನ್ನು ಅತ್ತ ಎಸೆಯುತ್ತವೆ. ರೋಟರ್ ಇರುವ ಯಂತ್ರದಲ್ಲಿ ಒಕ್ಕಣೆ, ಬೇರ್ಪಡಿಸುವಿಕೆ ಎರಡೂ ತಿರುಗುವ ರಭಸದಿಂದ ನಡೆಯುತ್ತವೆ, ಓರೆಯಿಂದ ಅದಕ್ಕೆ ಅಷ್ಟು ತೊಂದರೆಯಿಲ್ಲ. ಆದ್ದರಿಂದ ರೋಟರ್ ಜೊತೆ ಈ ಜರಡಿ ಶೇಕಡಾ 15ರವರೆಗೆ ನಿಜಕ್ಕೂ ಒಳ್ಳೆಯ ಜೋಡಿ, ಖರ್ಚು ಕಡಿಮೆ, ಕೆಡುವ ಭಾಗಗಳೂ ಕಡಿಮೆ. ವಾಕರ್ ಯಂತ್ರದಲ್ಲಿ ಇದರ ಉಪಕಾರ ಅರ್ಧ ಮಾತ್ರ. ಜೊತೆಗೆ ಕಾಳು ತುಂಬುವ ಟ್ಯಾಂಕ್, ಎಂಜಿನ್, ಚಾಲಕ ಎಲ್ಲರೂ ಓರೆಯಲ್ಲೇ ಇರುತ್ತಾರೆ. ಟ್ಯಾಂಕ್ ಪೂರ್ತಿ ತುಂಬುವ ಮೊದಲೇ ಕೆಳಬದಿಯಿಂದ ಕಾಳು ಚೆಲ್ಲಲು ಶುರುವಾಗುತ್ತದೆ.

ಡೀಲರ್ ತಂದು ತೋರಿಸುವಾಗ ಕ್ಯಾಬಿನ್ನಿನ ಸೀಟು, ಪರದೆ ನೋಡುತ್ತಾ ಕೂರಬೇಡಿ. ಯಂತ್ರದ ಹಿಂದೆ ನೆಲದ ಮೇಲೆ ಕಾಳು ಎಣಿಸಿ. ವಿಧಾನ ಹೀಗಿದೆ. ಹುಲ್ಲು ಕತ್ತರಿಸಿ ಹರಡುವ ಸ್ಪ್ರೆಡರ್ ನಿಲ್ಲಿಸಿ, ಹುಲ್ಲು ಸಾಲಾಗಿ ಬೀಳುವಂತೆ ಮಾಡಿ. ಕಡಿದಾದ ಪಕ್ಕೆಯಲ್ಲಿ ಮಾಮೂಲಿ ವೇಗದಲ್ಲಿ ಕನಿಷ್ಠ 50 ಮೀಟರ್ ಸಾಗಿದ ಮೇಲೆ ಯಂತ್ರ ನಿಲ್ಲಿಸಿ, ಪೂರ್ತಿ ಬಂದ್ ಆದ ನಂತರ ಸ್ವಲ್ಪ ಹಿಂದೆ, ಸಾಲಿನ ಮೇಲ್ಬದಿಯ ಅರ್ಧದಲ್ಲಿ ಒಂದು, ಕೆಳಬದಿಯ ಅರ್ಧದಲ್ಲಿ ಒಂದು ಚೌಕಟ್ಟು ಇಡಿ. ಚೌಕಟ್ಟು 32 ಸೆಂಟಿಮೀಟರ್ ಚೌಕವಾಗಿದ್ದರೆ ಹತ್ತರಲ್ಲೊಂದು ಚದರ ಮೀಟರ್ ಆಗುತ್ತದೆ. ಹುಲ್ಲು ಕೊಡವಿ ತೆಗೆದು ಕಾಳು ಎಣಿಸಿ. ಕಟಾವಾಗದ ಬೆಳೆಯ ಬುಡದಲ್ಲೂ ಒಮ್ಮೆ ಎಣಿಸಿ, ತಾನಾಗಿ ಉದುರಿದ್ದನ್ನು ಕಳೆಯಿರಿ. ಹೆಡರ್ ಚೆಲ್ಲಿದ ಕಾಳೂ ಇದರಲ್ಲಿ ಸೇರಿರುತ್ತದೆ. ಅದನ್ನು ಬೇರೆ ಮಾಡಲು ಯಂತ್ರವನ್ನು ಸ್ವಲ್ಪ ಹಿಂದಕ್ಕೆ ತಂದು, ಹೆಡರ್ ಹಾದ ಮೇಲೂ ಹಿಂಭಾಗದ ಹುಲ್ಲು ಇನ್ನೂ ಬೀಳದ ಜಾಗದಲ್ಲಿ ಎಣಿಸಬೇಕು.

ಸಾವಿರ ಕಾಳು 35 ಗ್ರಾಂ ತೂಗುವ ಗೋಧಿ ಎಂದುಕೊಳ್ಳೋಣ. ಹೊಲದ ಪೂರ್ತಿ ಅಗಲಕ್ಕೆ ಪ್ರತಿ ಚದರ ಮೀಟರಿಗೆ ಸುಮಾರು 190 ಕಾಳು ಬಿದ್ದಿದ್ದರೆ ಎಕರೆಗೆ 27 ಕಿಲೋ, ಅಂದರೆ ಒಂದು ಬುಶೆಲ್ ನಷ್ಟ. 9 ಮೀಟರ್ ಹೆಡರಿನ ಮಾಲು 1.5 ಮೀಟರ್ ಅಗಲದ ಸಾಲಿನಲ್ಲಿ ಬಿದ್ದರೆ ಅದು ಆರು ಪಟ್ಟು ದಟ್ಟವಾಗಿರುತ್ತದೆ. ಆಗ ನಿಮ್ಮ ಚೌಕಟ್ಟಿನಲ್ಲಿ ಸುಮಾರು 115 ಕಾಳು ಸಿಕ್ಕರೆ ಎಕರೆಗೆ 27 ಕಿಲೋ ಹೋಗಿದೆ ಎಂದರ್ಥ. ಮುಖ್ಯವಾದದ್ದು ಒಟ್ಟು ಸಂಖ್ಯೆಗಿಂತ ಎರಡು ಚೌಕಟ್ಟುಗಳ ವ್ಯತ್ಯಾಸ. ಎರಡರಲ್ಲೂ ಹತ್ತಿರಹತ್ತಿರ ಒಂದೇ ಲೆಕ್ಕ ಬಂದರೆ ಮಟ್ಟದ ವ್ಯವಸ್ಥೆ ತನ್ನ ಕೆಲಸ ಮಾಡುತ್ತಿದೆ, ಉಳಿದದ್ದು ಜರಡಿ, ಫ್ಯಾನ್ ಹೊಂದಾಣಿಕೆಯ ವಿಷಯ. ಒಂದು ಬದಿಯಲ್ಲಿ 40, ಇನ್ನೊಂದರಲ್ಲಿ 160 ಬಂದರೆ ಯಂತ್ರ ಮಟ್ಟದಲ್ಲಿಲ್ಲ, ಪರದೆ ಏನೇ ತೋರಿಸಲಿ.

ಹೊಂದಾಣಿಕೆಗೆ ಗೋಧಿಯಲ್ಲಿ ಮೇಲಿನ ಜರಡಿ 15ರಿಂದ 18 ಮಿಲಿಮೀಟರ್, ಕೆಳಗಿನದು 6ರಿಂದ 8 ಮಿಲಿಮೀಟರ್ ತೆರೆದು ಶುರುಮಾಡಿ, ಟ್ಯಾಂಕಿನ ಕಾಳು ನೋಡಿಕೊಂಡು ಮುಂದುವರಿಯಬಹುದು. ಒಮ್ಮೆಗೆ ಒಂದನ್ನು ಮಾತ್ರ ಬದಲಾಯಿಸಬೇಕು. ಮೊದಲು ಸಪಾಟಾದ ಜಾಗದಲ್ಲಿ ಹೊಂದಿಸಿ, ನಂತರ ಪಕ್ಕೆಗೆ ಹೋಗಿ. ಗುಡ್ಡದ ಮೇಲೇ ಶುರುಮಾಡಿದರೆ ಯಾವ ನಷ್ಟ ಇಳಿಜಾರಿನಿಂದ, ಯಾವುದು ಜರಡಿಯಿಂದ ಎಂಬುದು ಗೊತ್ತಾಗುವುದಿಲ್ಲ.

ಇನ್ನು ಈ ಯಂತ್ರಗಳ ಬಗ್ಗೆ ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕಾದ ಮಾತು. ಮೈ ಮಟ್ಟದಲ್ಲಿರುವ ಕ್ಯಾಬಿನ್ನಿನಲ್ಲಿ ಕೂತವರಿಗೆ ಗುಡ್ಡ ಗೊತ್ತಾಗುವುದಿಲ್ಲ. ಸೀಟು ನೆಟ್ಟಗಿದೆ, ನೀರಿನ ಬಾಟಲಿ ಜಾರುತ್ತಿಲ್ಲ, ನೆಲ ಮಾತ್ರ ಶೇಕಡಾ 30 ಓರೆ. ವ್ಯವಸ್ಥೆ ತನ್ನ ಮಿತಿ ಮುಟ್ಟಿದ ಕ್ಷಣ ಸಿಲಿಂಡರ್ ಪೂರ್ತಿ ಚಾಚಿರುತ್ತದೆ, ಅಲ್ಲಿಂದ ಮುಂದೆ ಇಳಿಜಾರಿನ ಪ್ರತಿ ಡಿಗ್ರಿಯೂ ನೇರ ಮೈಗೆ ಬರುತ್ತದೆ. ಮಿತಿ ಮುಟ್ಟುವ ಮೊದಲೇ ಎಚ್ಚರಿಸುವ ದೀಪ, ಸದ್ದು ಕೆಲಸ ಮಾಡುತ್ತಿವೆಯೇ ಎಂದು ದಿನಾ ಬೆಳಿಗ್ಗೆ ನೋಡಬೇಕು. ಹೊಸ ಚಾಲಕರನ್ನು ಕೂರಿಸುವ ಮುನ್ನ ಮಿತಿ ಯಾವ ಪಕ್ಕೆಯಲ್ಲಿ ಮುಗಿಯುತ್ತದೆ ಎಂದು ಹೊಲದಲ್ಲಿ ಕಾಲ್ನಡಿಗೆಯಲ್ಲಿ ತೋರಿಸಬೇಕು. ಮಟ್ಟ ಹಿಡಿಯುವುದರಿಂದ ಉರುಳುವ ಭಯ ಕಡಿಮೆಯಾಗುತ್ತದೆ, ಜಾರುವ ಭಯ ಕಡಿಮೆಯಾಗುವುದಿಲ್ಲ. ಟೈರು ನಿಂತಿರುವುದು ಅದೇ ಇಳಿಜಾರಿನ ಮೇಲೆ, ಒಣ ಹುಲ್ಲಿನ ಕೂಳೆಯ ಮೇಲೆ ಅದರ ಹಿಡಿತ ಇದ್ದಷ್ಟೇ. ಹಿಂದಿನ ಚಕ್ರಗಳಿಗೂ ಚಾಲನೆ ಇರುವ ಮಾದರಿಯನ್ನೇ ಆರಿಸಿ, ಇಲ್ಲದಿದ್ದರೆ ಯಂತ್ರದ ಹಿಂಭಾಗ ಕೆಳಬದಿಗೆ ಸರಿಯುತ್ತಲೇ ಇರುತ್ತದೆ.

ಭಾರದ ಲೆಕ್ಕವನ್ನೂ ಮರೆಯಬಾರದು. ಜಾನ್ ಡಿಯರ್ ಎಸ್ 780ರ ಟ್ಯಾಂಕ್ 400 ಬುಶೆಲ್, ಸುಮಾರು 14,100 ಲೀಟರ್. ತುಂಬಿದರೆ ಗೋಧಿಯೊಂದೇ ಹತ್ತಿರಹತ್ತಿರ 11 ಟನ್, ಅದೂ ಯಂತ್ರದ ಅತಿ ಮೇಲಿನ ಭಾಗದಲ್ಲಿ. ಕಡಿದಾದ ಪಕ್ಕೆಗೆ ಇಳಿಯುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ಅರ್ಧ ತುಂಬುವಷ್ಟರಲ್ಲಿ ಹೊರಬನ್ನಿ. ಟ್ಯಾಂಕಿನಿಂದ ಕಾಳು ಹೊರಗೆ ಸುರಿಯುವ ಉದ್ದ ಕೊಳವೆಯಾದ ಆಗರನ್ನು ಗುಡ್ಡದ ನೆತ್ತಿಯಲ್ಲೋ ಸಪಾಟಾದ ಜಾಗದಲ್ಲೋ ಮಾತ್ರ ಚಾಚಬೇಕು, ಕೆಳಬದಿಗೆ ಚಾಚಿದ ಆಗರ್ ಯಂತ್ರವನ್ನು ಅತ್ತಲೇ ಎಳೆಯುತ್ತದೆ. ತಿರುಗುವಾಗ ಹೆಡರ್ ತಗ್ಗಿನಲ್ಲಿರಲಿ. ಗುಡ್ಡದ ಒಂದು ಪಕ್ಕೆಯಿಂದ ಏಣು ದಾಟಿ ಇನ್ನೊಂದು ಪಕ್ಕೆಗೆ ಹೋಗುವಾಗ ಓರೆ ಎಡದಿಂದ ಬಲಕ್ಕೆ ಬದಲಾಗುತ್ತದೆ. ಸಿಲಿಂಡರುಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಬರಲು ಹಲವು ಸೆಕೆಂಡು ಬೇಕು. ವೇಗ ತಗ್ಗಿಸದೆ ದಾಟಿದರೆ ಮೈ ಇನ್ನೂ ಹಳೆಯ ಪಕ್ಕೆಯ ಓರೆಯಲ್ಲಿರುತ್ತದೆ, ನೆಲ ಹೊಸ ಪಕ್ಕೆಯದಾಗಿರುತ್ತದೆ, ಎರಡೂ ಓರೆ ಕೂಡಿಕೊಳ್ಳುತ್ತವೆ. ಗುಡ್ಡದ ಯಂತ್ರಕ್ಕೆ ಅಪಾಯದ ಜಾಗ ಯಾವುದೆಂದು ಕೇಳಿದರೆ ಕಡಿದಾದ ಪಕ್ಕೆಗಿಂತ ಮೊದಲು ನಾನು ತೋರಿಸುವುದು ಈ ಏಣು, ಕೊರಕಲುಗಳನ್ನು.

ಹೆಡರಿನ ಆಯ್ಕೆಯಲ್ಲಿ ಹೆಚ್ಚು ಅಗಲಕ್ಕೆ ಆಸೆಪಡಬೇಡಿ. ಬೆಲ್ಟ್ ಮೇಲೆ ಬೆಳೆ ಸಾಗಿಸುವ ಡ್ರೇಪರ್ ಹೆಡರಿನಲ್ಲಿ ಕೆಳಬದಿಯ ಬೆಲ್ಟ್ ಬೆಳೆಯನ್ನು ಏರು ಹತ್ತಿಸಿ ನಡುವಿಗೆ ತರಬೇಕು, ಮೇಲ್ಬದಿಯದು ತಾನಾಗಿ ಜಾರಿ ಬರುತ್ತದೆ. ಫೀಡರ್ ಹೌಸಿಗೆ ಸೇರುವಾಗ ಬೆಳೆ ಒಂದೇ ಬದಿಗೆ ಗುಂಪಾಗುತ್ತದೆ, ಒಳಗೆ ಮೈ ಎಷ್ಟೇ ಮಟ್ಟವಿದ್ದರೂ ರೋಟರಿಗೆ ಹೋಗುವ ಮಾಲು ಒಂದು ಬದಿಯದಾಗುತ್ತದೆ. ಬೆಲ್ಟಿನ ವೇಗ ಸ್ವಲ್ಪ ಹೆಚ್ಚಿಸಿದರೆ ಇದು ಕಡಿಮೆಯಾಗುತ್ತದೆ. ಗಿಡ್ಡ ಗಿಡದ ಕಡಲೆ, ಮಸೂರಕ್ಕೆ ನೆಲದ ಉಬ್ಬುತಗ್ಗಿಗೆ ಬಾಗುವ ಫ್ಲೆಕ್ಸ್ ಕಟರ್ ಬಾರ್ ಬೇಕೇ ಬೇಕು. ಕಾಯಿ ನೆಲದ ಹತ್ತಿರವೇ ಇರುತ್ತದೆ, ಎರಡು ಇಂಚು ಎತ್ತರದಲ್ಲಿ ಕತ್ತರಿಸಿದರೂ ಸಾಲುಗಟ್ಟಲೆ ಕಾಯಿ ಹೊಲದಲ್ಲೇ ಉಳಿಯುತ್ತದೆ. ಕಲಬುರಗಿ, ರಾಯಚೂರು ಕಡೆ ಯಂತ್ರದ ಕಟಾವಿಗೆಂದೇ ಎತ್ತರ ಬೆಳೆಯುವ ಜಿಬಿಎಂ 2 ತಳಿಯ ಕಡಲೆ ಬಂದದ್ದು ಇದೇ ಕಾರಣಕ್ಕೆ, ಅಲ್ಲಿನ ಎರೆಭೂಮಿ ಸಪಾಟಾಗಿದ್ದರೂ.

ಕೊಡಗು, ಚಿಕ್ಕಮಗಳೂರು ಕಡೆಯವರು ಈ ಯಂತ್ರ ನಮಗಾಗುತ್ತದೆಯೇ ಎಂದು ಕೇಳಬಹುದು. ಆಗುವುದಿಲ್ಲ. ಅಲ್ಲಿ ಗುಡ್ಡ ಓರೆಯಾಗಿದ್ದರೂ ಒಂದೊಂದು ಗದ್ದೆಯೂ ಮಟ್ಟವಾಗಿಯೇ ಇದೆ. ತೊಂದರೆ ಇರುವುದು ಬದು ದಾಟುವುದರಲ್ಲಿ, ಕೆಸರಿನಲ್ಲಿ, ಗದ್ದೆ ಚಿಕ್ಕದಾಗಿರುವುದರಲ್ಲಿ. ಅದಕ್ಕೆ ಬೆಲ್ಟ್ ಚಕ್ರದ ಚಿಕ್ಕ ಭತ್ತದ ಹಾರ್ವೆಸ್ಟರುಗಳೇ ಸರಿ.

ಬಳಸಿದ ಯಂತ್ರ ಕೊಳ್ಳುವವರು ಎಂಜಿನ್ ಗಂಟೆಗಿಂತ ಮೊದಲು ಮಟ್ಟದ ವ್ಯವಸ್ಥೆಯ ಪಿನ್, ಬುಶ್‌ಗಳನ್ನು ನೋಡಬೇಕು. ಸಪಾಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಒಬ್ಬರು ಕ್ಯಾಬಿನ್ನಿನಿಂದ ಕೈಯಾರೆ ಮೈಯನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಆಡಿಸಲಿ, ಇನ್ನೊಬ್ಬರು ದೂರದಲ್ಲಿ ನಿಂತು ಚಕ್ರದ ತೋಳು ಕೂಡುವ ಜಾಗ ನೋಡಲಿ. ದಿಕ್ಕು ಬದಲಾದಾಗ ಸಿಲಿಂಡರ್ ಚಲಿಸಿದ ಮೇಲೆ ತಡವಾಗಿ, ಟಕ್ ಎಂದು ಮೈ ಚಲಿಸಿದರೆ ಬುಶ್ ತಿಂದುಹೋಗಿದೆ. ಫೀಡರ್ ಹೌಸಿನ ಮುಖದ ತಿರುಗುವ ಚೌಕಟ್ಟಿನ ಸುತ್ತ ರಬ್ಬರ್ ಪಟ್ಟಿ ಹರಿದಿದ್ದರೆ ಕಾಳು ಅಲ್ಲಿಂದಲೇ ಸೋರುತ್ತದೆ. ಹೆಡರಿಗೆ ಶಕ್ತಿ ಒಯ್ಯುವ ಶಾಫ್ಟಿನ ಕ್ರಾಸ್ ಜಾಯಿಂಟುಗಳು ಸದಾ ಕೋನದಲ್ಲಿ ತಿರುಗುವುದರಿಂದ ಬಯಲಿನ ಯಂತ್ರಕ್ಕಿಂತ ಬೇಗ ಸವೆಯುತ್ತವೆ. ಫೈನಲ್ ಡ್ರೈವಿನ ಎಣ್ಣೆಯನ್ನು ಮೈ ನಡುಮಟ್ಟದಲ್ಲಿದ್ದಾಗ ಮಾತ್ರ ಅಳೆಯಬೇಕು. ತೋಳು ತಿರುಗಿದ್ದಾಗ ಅಳೆದರೆ ಒಂದು ಬದಿ ಹೆಚ್ಚು, ಇನ್ನೊಂದು ಬದಿ ಕಡಿಮೆ ತೋರುತ್ತದೆ, ಅದನ್ನು ನಂಬಿ ಎಣ್ಣೆ ಸುರಿದರೆ ಸೀಲ್ ಹೋಗುತ್ತದೆ. ರಸ್ತೆಗೆ ಇಳಿಯುವ ಮುನ್ನ ಮೈಯನ್ನು ನಡುವಿಗೆ ತಂದು ಸ್ವಯಂಚಾಲಿತ ವ್ಯವಸ್ಥೆ ಬಂದ್ ಮಾಡುವ ಸ್ವಿಚ್, ಲಾಕ್ ಸರಿಯಾಗಿವೆಯೇ ಎಂದೂ ನೋಡಿ.

ಕೊನೆಯ ಪರೀಕ್ಷೆಗೆ ಸ್ವಲ್ಪ ಹೊತ್ತು ಬೇಕು, ಮಾರುವವರು ಅವಸರ ಮಾಡಿದರೂ ಬಿಡಬೇಡಿ. ಮೈಯನ್ನು ಒಂದು ಬದಿಗೆ ಪೂರ್ತಿ ಓರೆ ಮಾಡಿ, ಎಂಜಿನ್ ಬಂದ್ ಮಾಡಿ, ಚಾಚಿದ ಸಿಲಿಂಡರಿನ ರಾಡ್ ಹೊರಗೆ ಎಷ್ಟಿದೆ ಎಂದು ಟೇಪಿನಿಂದ ಅಳೆದು ಬರೆದುಕೊಳ್ಳಿ. ಯಂತ್ರದ ಕೆಳಗೆ ಯಾರೂ ಹೋಗಬಾರದು. ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಅಳತೆ ಇದ್ದಲ್ಲೇ ಇದ್ದರೆ ಸಿಲಿಂಡರಿನ ಸೀಲ್, ಹೋಸ್ ಒಡೆದರೂ ಎಣ್ಣೆಯನ್ನು ತಡೆದು ಮೈಯನ್ನು ಹಿಡಿದಿಡುವ ಲಾಕ್ ವಾಲ್ವ್ ಎರಡೂ ಸರಿಯಾಗಿವೆ. ಕಣ್ಣಿಗೆ ಕಾಣುವಷ್ಟು ಕುಸಿದಿದ್ದರೆ ಇವೆರಡರಲ್ಲಿ ಒಂದು ಹೋಗಿದೆ. ರಿಪೇರಿಯ ಖರ್ಚನ್ನು ಡೀಲರಿಂದ ಬರಹದಲ್ಲಿ ತರಿಸಿಕೊಂಡು ಬೆಲೆಯಲ್ಲಿ ಕಳೆಯಿರಿ, ರಿಪೇರಿ ಆಗುವ ತನಕ ಅದನ್ನು ಪಕ್ಕೆಗೆ ಇಳಿಸಬೇಡಿ.